ಜರ್ಮನಿಯಲ್ಲಿ ಸ್ನಾತಕೋತ್ತರ ಓದು: ಶುಲ್ಕದಾಚೆಯ ಖರ್ಚು

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬುದು ನಿಜವಾದರೂ, ವಿದ್ಯಾರ್ಥಿವೇತನವಿಲ್ಲದೆ ಹೋಗುವವರು ಸಾಮಾನ್ಯವಾಗಿ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ನಿಗದಿತ ಮೊತ್ತವನ್ನಷ್ಟೇ ತೆಗೆಯಬಹುದಾದ ಖಾತೆಯಲ್ಲಿ) ಮುಂಚಿತವಾಗಿ ಇರಿಸಬೇಕಾಗುತ್ತದೆ ಎಂಬುದನ್ನು ದಯವಿಟ್ಟು ಮನೆಯವರೊಡನೆ ಮೊದಲೇ ಚರ್ಚಿಸಿ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಲಾಯಿತು. ಅರ್ಜಿ ಹಾಕುವ ದಿನದ ಮೊತ್ತವನ್ನು ದೂತಾವಾಸದ ಜಾಲತಾಣದಲ್ಲಿಯೇ ನೋಡಿಕೊಳ್ಳಿ. ಹಣ ನಿಮ್ಮದೇ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋಗಳಂತೆ ಕೈಸೇರುತ್ತದೆ. ಆದರೆ ಮ್ಯೂನಿಕ್‌ನಂಥ ನಗರದಲ್ಲಿ ಕೋಣೆಯ ಬಾಡಿಗೆಯೇ ಅದರ ದೊಡ್ಡ ಪಾಲನ್ನು ನುಂಗಿಬಿಡುವುದರಿಂದ, ವಿಶ್ವವಿದ್ಯಾಲಯದ ಹೆಸರಿನಷ್ಟೇ ಊರಿನ ಬಾಡಿಗೆಯನ್ನೂ ವಿಚಾರಿಸುವುದು ಒಳ್ಳೆಯದು. ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿದೆ. ಆರೋಗ್ಯ ವಿಮೆಯ ಮಾಸಿಕ ಕಂತು ಬೇರೆಯೇ ಇದೆ. ಅರೆಕಾಲಿಕ ಕೆಲಸದ ಸಂಪಾದನೆಯನ್ನು ನಂಬಿ ಮೊದಲ ವರ್ಷದ ಲೆಕ್ಕ ಹಾಕಬೇಡಿ.