ಮಕ್ಳಿಗೆ ಏಡಾ ಲವ್ಲೇಸ್ ಕತೆ ಹೇಳುದು ಹೇಗೆ

ಮೊದಲ ಕಂಪ್ಯೂಟರ್ ಪ್ರೋಗ್ರಾಮ್ ಬರೆದವಳು ಅಂತ ಹೆಸರಾದ ಏಡಾ 1815 ಡಿಸೆಂಬರ್ 10ಕ್ಕೆ ಲಂಡನ್‌ನಲ್ಲಿ ಹುಟ್ಟಿದ್ಳು, ಅಪ್ಪ ದೊಡ್ಡ ಕವಿ ಬೈರನ್ ಅಂತ ಶುರು ಮಾಡಿದ್ರೆ ಮುಗೀತು ಮಾರಾಯ್ರೆ, ಮಕ್ಳು ಮೆಲ್ಲ ಜಾರಿ ಬ್ಯಾಟ್ ಹಿಡ್ಕೊಂಡು ಅಂಗಳಕ್ಕೆ ಹೋಗ್ತಾರೆ, ನಾನು ಹಾಗೇ ಮಾಡಿ ಸೋತವ. ಈಗ ಮೊದ್ಲು ಅಮ್ಮನ ಹಳೇ ಉಡುಪಿ ಸೀರೆ ತೆಗ್ದು ಅಂಚು ತೋರ್ಸುದು, ಯಾವ ಎಳೆ ಮೇಲೆ ಯಾವ್ದು ಕೆಳಗೆ ಅಂತ ಲೆಕ್ಕ ಇಡುದು ಯಾರು ಅಂತ ಕೇಳುದು. ನೇಯುವವರು ಅಂತಾರೆ. ಸರಿ, ಆ ಲೆಕ್ಕವನ್ನೇ ರಟ್ಟಿನಲ್ಲಿ ಬರೆದಿಟ್ರೆ?

ಅಲ್ಲಿಗೆ ಜಕಾರ್ಡ್ ಬರ್ತಾನೆ. ಫ್ರಾನ್ಸಿನವ, 1804ರ ಹೊತ್ತಿಗೆ ಅವನ ಮಗ್ಗದಲ್ಲಿ ತೂತಿನ ಕಾರ್ಡ್ ಇತ್ತು, ತೂತು ಉಂಟಾ ಹಾಸಿನ ಎಳೆ (ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲು) ಮೇಲೇಳ್ತದೆ, ಇಲ್ವಾ ಅಲ್ಲೇ ಇರ್ತದೆ, ಅಷ್ಟೇ.

ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗುದಿಲ್ಲ, ಮಾಡಿಸ್ಬೇಕು. ಹಳೇ ಮದುವೆ ಕಾಗದ ಮನೇಲಿ ರಾಶಿ ಇರ್ತದಲ್ಲ, ಅದ್ರಿಂದ 8 ಪಟ್ಟಿ ಕತ್ತರಿಸಿ, ಒಂದೊಂದ್ರಲ್ಲಿ 8 ಮನೆ ಗೆರೆ ಹಾಕಿ, ಪಟ್ಟಿಗಳಿಗೆ ನಂಬರ್ ಬರೀರಿ (ನಂಬರ್ ಮರೆತ್ರೆ ಚಿತ್ರದ ದೋಣಿ ಮಗುಚಿ ಬೀಳ್ತದೆ, ನಮ್ಮಲ್ಲಿ ಬಿದ್ದಿದೆ). ಒಬ್ಬ ಮನಸಲ್ಲೇ ದೋಣಿ ಚಿತ್ರ ಇಟ್ಕೊಂಡು ಬೇಕಾದಲ್ಲಿ ತೂತು ಹೊಡೀಲಿ, ಇನ್ನೊಬ್ಬ ಮಷೀನು, ಅವನಿಗೆ ಎಂತ ಚಿತ್ರ ಅಂತ ಹೇಳ್ಲಿಕ್ಕಿಲ್ಲ, ಚೌಕುಳಿ ಪುಸ್ತಕದಲ್ಲಿ ತೂತಿದ್ದಲ್ಲಿ ಬಣ್ಣ, ಇಲ್ಲದಲ್ಲಿ ಖಾಲಿ. ತೂತು ತಪ್ಪಿದ್ರೂ ಮಷೀನ್ ಸರಿ ಮಾಡ್ಬಾರ್ದು. ಇಲ್ಲೇ ಜಗಳ ಶುರು ಆಗುದು, ಆಗ್ಲಿ ಬಿಡಿ, ಯಾಕಂದ್ರೆ ಏಡಾ ಹೇಳಿದ್ದು ಇದನ್ನೇ: ಮಷೀನ್ ತಾನಾಗಿ ಹೊಸತೆಂತದೂ ಹುಟ್ಟಿಸುದಿಲ್ಲ, ಹೇಗೆ ಮಾಡ್ಬೇಕು ಅಂತ ನಮ್ಗೆ ಗೊತ್ತಿರುದನ್ನ ಮಾತ್ರ ಮಾಡ್ತದೆ.

ಈಗ ಕತೆ ಹೇಳಿ, ಈಗ ಕೇಳ್ತಾರೆ. ಏಡಾಗೆ 12 ವರ್ಷಕ್ಕೆ ಹಾರುವ ಯಂತ್ರದ ಹುಚ್ಚು, ರೆಕ್ಕೆ ಹೇಗೆ ಮಾಡುದು ಅಂತ ಹಕ್ಕಿಗಳನ್ನೇ ನೋಡ್ತಿದ್ಳು. 17ಕ್ಕೆ ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ ಸಿಕ್ಕಿದ. ಜಕಾರ್ಡಿನ ಕಾರ್ಡಲ್ಲೇ ಲೆಕ್ಕ ಮಾಡುವ ದೊಡ್ಡ ಯಂತ್ರ ಕಟ್ಬೇಕಂತ ಅವನ ಪ್ಲಾನು. ಅದ್ರ ಬಗ್ಗೆ ಫ್ರೆಂಚಲ್ಲಿದ್ದ ಒಂದು ಲೇಖನವನ್ನ ಏಡಾ ಇಂಗ್ಲಿಷಿಗೆ ತಂದ್ಳು, ಜೊತೆಗೆ ತನ್ನ ಟಿಪ್ಪಣಿ ಸೇರಿಸಿದ್ಳು, ಟಿಪ್ಪಣಿ ಲೇಖನಕ್ಕಿಂತ ಸುಮಾರು ಮೂರು ಪಟ್ಟು ಉದ್ದ! ಅದು 1843. ಕೊನೇ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆ (ಗಣಿತದಲ್ಲಿ ಬರುವ ಒಂದು ಸಂಖ್ಯೆಗಳ ಸಾಲು) ತೆಗೆಯುವ ಹೆಜ್ಜೆಗಳು ಉಂಟು, ಮೊದಲ ಪ್ರೋಗ್ರಾಮ್ ಅಂತ ಹೇಳುದು ಅದಕ್ಕೇ. ಬ್ಯಾಬೇಜ್ ಮೊದ್ಲೇ ಬರೆದಿದ್ದ ಅಂತ ವಾದ ಮಾಡುವವರೂ ಇದ್ದಾರೆ, ಮಕ್ಳಿಗೆ ಅದನ್ನೂ ಹೇಳಿ. ನನಗೆ ದೊಡ್ಡದು ಅನ್ಸುದು ಬೇರೆ, ಈ ಯಂತ್ರ ಬರೀ ಅಂಕೆ ಅಲ್ಲ, ಸಂಗೀತವೂ ಕಟ್ಟಬಹುದು ಅಂತ ಅವಳಿಗೆ ಆಗ್ಲೇ ಹೊಳೆದದ್ದು.

ಆ ಯಂತ್ರ ರನ್ ಆಯ್ತಾ ಅಂತ ಖಂಡಿತ ಕೇಳ್ತಾರೆ. ಇಲ್ಲ, ಬ್ಯಾಬೇಜಿಗೆ ಕಟ್ಟಿ ಮುಗಿಸ್ಲಿಕ್ಕೇ ಆಗ್ಲಿಲ್ಲ, ಏಡಾ 1852ರಲ್ಲಿ 36ಕ್ಕೇ ತೀರಿಹೋದ್ಳು. ಹಾಗೇ ಹೇಳಿ, ಮುಚ್ಚಿಡ್ಬೇಡಿ. ನಮ್ಮ ಮನೆಯ ಸಣ್ಣವಳು ಇದು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತು, ಮತ್ತೆ ಇನ್ನೊಂದು ಮದುವೆ ಕಾಗದ ಕೊಡಿ ಅಂದ್ಳು.