ನಿಲ್ದಾಣದ ಪಕ್ಕದ ವಿದ್ಯಾರ್ಥಿ ನಿಲಯ: ನಕ್ಷೆ ಬರೆಯುವಾಗಲೇ ಸದ್ದಡಗಿಸುವುದು ಹೇಗೆ?

ವಿದ್ಯಾರ್ಥಿ ನಿಲಯದ ನಕ್ಷೆ ಬರೆಯುವವರಲ್ಲಿ ಹಲವರು ಕೊಠಡಿಗಳ ಲೆಕ್ಕದಿಂದ ಆರಂಭಿಸಿ, ನಿದ್ದೆ ಮತ್ತು ಓದಿನ ಪ್ರಶ್ನೆಯನ್ನು ಕಟ್ಟಡ ಮುಗಿದ ಮೇಲೆ ಎದುರಿಸುತ್ತಾರೆ. ನಾನು ನೋಡಿದ ಒಂದು ನಿಲಯದಲ್ಲಿ ಆಚೆ ಕೋಣೆಯವರು ಚಾರ್ಜರ್ ಸಿಕ್ಕಿಸಿದ ಸದ್ದೂ ಈಚೆಗೆ ಕೇಳುತ್ತಿತ್ತು. ಎರಡೂ ಕೋಣೆಗಳ ಸ್ವಿಚ್ ಬೋರ್ಡ್‌ಗಳನ್ನು ಒಂದೇ ಗೋಡೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿದ್ದರು.

ಮೊದಲ ಹಂತದಲ್ಲಿ ನಿವೇಶನದಿಂದ ಕ್ಯಾಂಪಸ್ಸಿನ ಗೇಟಿಗೂ ನಿಲ್ದಾಣಕ್ಕೂ ಗಡಿಯಾರ ನೋಡಿಕೊಂಡು ನಡೆಯಬೇಕು. 400 ಮೀಟರ್ ಎಂದರೆ ಸುಮಾರು 5 ನಿಮಿಷದ ನಡಿಗೆ. ಆದರೆ ನಡುವೆ ಕಾಂಪೌಂಡ್ ಗೋಡೆಯೋ ದಾಟಲಾಗದ ರಸ್ತೆಯೋ ಇದ್ದರೆ ಆ ಲೆಕ್ಕ ಕೆಡುತ್ತದೆ. ರಾತ್ರಿ ಗೇಟು ಮುಚ್ಚಿದ ಮೇಲೂ ಒಮ್ಮೆ ನಡೆದು ನೋಡಿ.

ಎರಡನೆಯದಾಗಿ, ಗೇಟೂ ನಿಲ್ದಾಣವೂ ನಡಿಗೆಯ ದೂರದಲ್ಲೇ ಇದ್ದರೆ ಕಾರುಗಳ ಜಾಗವನ್ನು ಮೊಟಕುಗೊಳಿಸಿ, ಸೈಕಲ್‌ಗಳಿಗೆ ನೆಲಮಹಡಿಯಲ್ಲೇ ಮಳೆ ತಾಗದ ಜಾಗ ಕೊಡಿ.

ಮೂರನೆಯ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ. ಹಳಿ ಅಥವಾ ರಸ್ತೆಯ ಕಡೆಗೆ ಮೆಟ್ಟಿಲು, ಸ್ನಾನಗೃಹ, ಬಟ್ಟೆ ಒಗೆಯುವ ಕೋಣೆಗಳನ್ನು ಇಟ್ಟು, ಮಲಗುವ ಕೋಣೆಗಳನ್ನು ಒಳಗಡೆಗೆ ತಿರುಗಿಸಬೇಕು. ಮುಂಭಾಗದ ಅಂದಕ್ಕಾಗಿ ಇದನ್ನು ಬಿಟ್ಟುಕೊಡಬಾರದು. ಕೋಣೆಗಳ ನಡುವಿನ ಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಬಂದು ನಿಂತರೆ ಸದ್ದು ಅದರ ಮೇಲಿನಿಂದ ಹಾದು ಪಕ್ಕಕ್ಕೆ ಇಳಿಯುತ್ತದೆ, ಆದ್ದರಿಂದ ಗೋಡೆ ಮೇಲಿನ ಸ್ಲ್ಯಾಬಿಗೇ ತಾಗಬೇಕು ಮತ್ತು ತಾಗುವ ಸಂದನ್ನು ಪೂರ್ತಿ ಮುಚ್ಚಬೇಕು. ಪೈಪು ಹಾಯುವ ತೂತುಗಳನ್ನೂ ಹಾಗೆಯೇ ಮುಚ್ಚಿಸಿ. ಗೋಡೆಗೆ ಅಂಟಿಸುವ ಉಬ್ಬುತಗ್ಗಿನ ಫೋಮ್ ಹಾಳೆಗಳನ್ನು ಸದ್ದು ತಡೆಯಲೆಂದು ಕೊಳ್ಳುವುದು ದಂಡ: ಅವು ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತವೆಯೇ ಹೊರತು ಆಚೆಯ ಮಾತನ್ನು ತಡೆಯುವುದಿಲ್ಲ. ಸದ್ದು ತಡೆಯುವುದು ಗೋಡೆಯ ಭಾರ ಮತ್ತು ಸಂದಿಲ್ಲದ ಬಿಗಿತ. ಕಿಟಕಿಯ ವಿಷಯದಲ್ಲಿ ನನ್ನದು ಒಂದೇ ಹಟ, ಪಕ್ಕಕ್ಕೆ ಸರಿಯುವ ಕಿಟಕಿ ಬೇಡ. ರಬ್ಬರ್ ಪಟ್ಟಿಗೆ ಒತ್ತಿ ಮುಚ್ಚಿಕೊಳ್ಳುವ, ಕೀಲಿನ ಮೇಲೆ ತೆರೆಯುವ ಕಿಟಕಿಯೇ ಇರಲಿ. ಅದನ್ನು ಮುಚ್ಚಿದಾಗಲೂ ಗಾಳಿ ಬರಲು ಬೇರೆ ದಾರಿಯನ್ನು ನಕ್ಷೆಯಲ್ಲೇ ತೋರಿಸಬೇಕು. ಇಲ್ಲವಾದರೆ ಸೆಕೆ ತಾಳದೆ ಕಿಟಕಿ ತೆರೆದಿಡುತ್ತಾರೆ ಮತ್ತು ಅದಕ್ಕೆ ಸುರಿದ ಹಣ ನೀರಿನಲ್ಲಿ ಹೋಮವಾಗುತ್ತದೆ.

ಮಂಚ, ಮೇಜು, ಕಪಾಟುಗಳ ಜೋಡಣೆ ಕಷ್ಟದ ಕೆಲಸವಲ್ಲ. ತಲೆದಿಂಬು ಸ್ನಾನಗೃಹದ ಪೈಪಿನ ಗೋಡೆಗೆ ತಾಗದಿದ್ದರೆ ಸಾಕು.

ಕೊನೆಯ ಹಂತ ಪರೀಕ್ಷೆ. ರಾತ್ರಿ ಕೋಣೆಯ ದೀಪ ಆರಿಸಿ, ಬಾಗಿಲು ಮುಚ್ಚಿ, ಕಾರಿಡಾರಿನ ದೀಪ ಹೊತ್ತಿಸಿ ನೋಡಿದರೆ ಬೆಳಕಿನ ಗೆರೆ ಕಾಣುವ ಸಂದಿನಿಂದಲೇ ಸದ್ದೂ ನುಸುಳುತ್ತದೆಂದು ತಿಳಿಯಬೇಕು. ಮಂಚ, ಕಪಾಟುಗಳು ಬರುವ ಮುನ್ನವೇ ಈ ಕೆಲಸ ಮುಗಿಸಿ. ಅವು ಬಂದ ಮೇಲೆ ಗೋಡೆಯ ಬುಡಕ್ಕೆ ಕೈ ಎಟುಕುವುದಿಲ್ಲ.