ಕರೆಂಟ್ ಹೋಗಿ ಬಂದ ಮೇಲೆ ವಿಪಿಎನ್ ಕೈಕೊಟ್ಟರೆ

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಆದರೆ ಕರೆಂಟ್ ಬಂದ ಮೇಲೆ ಮನೆಯ ಡೆಸ್ಕ್‌ಟಾಪ್‌ನಲ್ಲಿ ಕಚೇರಿಯ ವಿಪಿಎನ್ (ಮನೆಯಿಂದ ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ಸಂಪರ್ಕ) ತೆರೆಯುತ್ತಿರಲಿಲ್ಲ. ಯಾವ ಜಾಲತಾಣಕ್ಕೆ ಹೋದರೂ ಬ್ರೌಸರ್ ಪ್ರಮಾಣಪತ್ರ (ತಾಣ ಅಸಲಿ ಎಂದು ತೋರಿಸುವ, ಅವಧಿ ನಿಗದಿಯಾದ ಡಿಜಿಟಲ್ ಗುರುತು) ಸರಿಯಿಲ್ಲ ಎನ್ನುತ್ತಿತ್ತು. ಅದೇ ವೈಫೈನಲ್ಲಿ ಮೊಬೈಲ್ ಮಾತ್ರ ಸರಿಯಾಗಿತ್ತು.

ರೂಟರ್ ಆರಿಸಿ ಹಚ್ಚಿದೆ, ವಿಪಿಎನ್ ತೆಗೆದು ಮತ್ತೆ ಹಾಕಿದೆ, ಬ್ರೌಸರ್ ಬದಲಿಸಿದೆ. ಪ್ರಯೋಜನವಾಗಲಿಲ್ಲ. ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವ ಗುಂಡಿಯನ್ನಂತೂ ಒತ್ತಬೇಡಿ. ನಕಲಿ ತಾಣಕ್ಕೂ ಇದೇ ಎಚ್ಚರಿಕೆ ಬರುತ್ತದೆ.

ಪರದೆಯ ಬಲಮೂಲೆಯ ದಿನಾಂಕ ಹಲವು ವರ್ಷ ಹಿಂದಿತ್ತು. ಪ್ರಮಾಣಪತ್ರದ ಅವಧಿ ಇನ್ನೂ ಶುರುವಾಗಿಲ್ಲವೆಂದು ಕಂಪ್ಯೂಟರ್ ನಂಬಿತ್ತು. ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರ ನಡೆಸುವ, ಮದರ್‌ಬೋರ್ಡಿನ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ) ಸೆಲ್ ಸತ್ತಿತ್ತು.

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿಯಿರಿ. ಪೆಟ್ಟಿಗೆ ತೆರೆದು, ಸೆಲ್ ಕೂತಿರುವ ಜಾಗದ ಅಂಚಿನ ಕೊಂಡಿಯನ್ನು ಉಗುರಿನಿಂದ ಸರಿಸಿದರೆ ಸೆಲ್ ಮೇಲೇಳುತ್ತದೆ. ಹೊಸ 3 ವೋಲ್ಟ್ ಸಿಆರ್2032 ಸೆಲ್ಲನ್ನು ಧನ ಚಿಹ್ನೆ ಮೇಲೆ ಕಾಣುವಂತೆ ಕೂರಿಸಿ. ಮೊದಲು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ) ದಿನಾಂಕ, ಸಮಯ ತುಂಬಿಸಿ ಉಳಿಸಿ. ಆಮೇಲೆ ವಿಂಡೋಸ್‌ನ 'ಟೈಮ್ ಆ್ಯಂಡ್ ಲ್ಯಾಂಗ್ವೇಜ್' ವಿಭಾಗದಲ್ಲಿ ಸಮಯವಲಯ +5:30 ಇದೆಯೇ ನೋಡಿ, 'ಸಿಂಕ್ ನೌ' ಒತ್ತಿ. ಈ ಕ್ರಮ ತಪ್ಪಿಸಬೇಡಿ: ಮನೆಯ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ ವಿಂಡೋಸ್ 15 ಗಂಟೆಗಿಂತ ಹೆಚ್ಚಿನ ವ್ಯತ್ಯಾಸವನ್ನು ತಾನಾಗಿ ತಿದ್ದುವುದಿಲ್ಲ.